ಏಳನೇ ಪ್ರೆಸ್ಸಿನ ಜಾಲರಿ

ಮೂರನೇ ತಿರುಪು ಬಿಚ್ಚುವಷ್ಟರಲ್ಲಿ ಕಾವಲುಗಾರ ನೋಡಿಬಿಟ್ಟ.

"ಏಯ್! ಅಲ್ಲೇನು ಮಾಡ್ತಿದೀಯ ದೊಡ್ಡಕ್ಕ?"

ದೊಡ್ಡಕ್ಕ ತಿರುಗಿ ನೋಡಲಿಲ್ಲ. ನಾಲ್ಕನೇ ತಿರುಪು ಬಿಗಿಯಾಗಿತ್ತು. ಒರೆಸುವ ಬಟ್ಟೆಯನ್ನು ಅದಕ್ಕೆ ಸುತ್ತಿ, ಹಲ್ಲು ಕಚ್ಚಿ ತಿರುಗಿಸಿದಳು. ಕಿರ್ ಅಂತು.

"ಧೂಳು," ಅಂದಳು.

"ಧೂಳು ನಿನಗಷ್ಟೇ ಕಾಣುತ್ತಾ? ಹಗ್ಗ ದಾಟಿ ಒಳಗೆ ಹೋಗಿದೀಯಲ್ಲ ತಾಯಿ. ಮೇಲೆ ಕ್ಯಾಮೆರಾ ಇದೆ. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?"

ಜಾಲರಿ ಕೈಗೆ ಬಂತು. ಹಸಿರು ಬಣ್ಣ. ಹಗುರ. ಒಂದು ಗೀರಿಲ್ಲ, ಒಂದು ಎಣ್ಣೆ ಕಲೆಯಿಲ್ಲ. ಅದನ್ನು ಬಕೆಟ್ಟಿಗೆ ಒರಗಿಸಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಪ್ರೆಸ್ಸಿನ ಬಾಯಿ ತೆರೆದುಕೊಂಡಿತ್ತು. ಮೇಲಿನ ಅಚ್ಚು, ಕೆಳಗಿನ ಅಚ್ಚು, ನಡುವೆ ನಾಲ್ಕು ಬೆರಳು ಹಿಡಿಸುವಷ್ಟು ಜಾಗ. ಹದಿನೆಂಟು ದಿನದಿಂದ ಅವಳಿಗೆ ಇದರ ಗುರುತು ಸರಿಯಾಗಿ ಹತ್ತಿರಲಿಲ್ಲ. ಈಗ ಹತ್ತಿತು. ಇದು ಅದೇ.

"ಹಾಕು ವಾಪಸ್ಸು. ಮೇಡಂ ಬರೋ ಹೊತ್ತು."

"ಹಾಕಲ್ಲ. ಇದು ಇದರದ್ದಲ್ಲ."

"ಅಯ್ಯೋ, ಇದು ಇದರದ್ದಲ್ಲ, ಅದು ಅದರದ್ದಲ್ಲ ಅಂತ ಹೇಳೋಕೆ ನೀನೇನು ಇದರ ಯಜಮಾನಿಯಾ?"

ಅಷ್ಟರಲ್ಲಿ ಮೇಡಂ ಬಂದೇ ಬಿಟ್ಟರು.

ಮೇಡಂ ಅಂದರೆ ಈ ನಗರ ಸಂಗ್ರಹಾಲಯದ ಮುಖ್ಯಸ್ಥೆ. ಮೂವತ್ತು ದಾಟಿರಬೇಕು ಅಷ್ಟೇ. ಒರೆಸುವವರಿಗೂ ನಮಸ್ಕಾರ ಹೇಳುವ ಹುಡುಗಿ. ಬೈಯಲಿಲ್ಲ. ಜಾಲರಿ ನೋಡಿದರು, ದೊಡ್ಡಕ್ಕನನ್ನು ನೋಡಿದರು.

"ಯಾಕೆ ಬಿಚ್ಚಿದ್ರಿ ಅಮ್ಮ?"

"ಈ ಪ್ರೆಸ್ಸಿಗೆ ಜಾಲರಿ ಇರಲಿಲ್ಲ."

"ನಿಮಗೆ ಹೇಗೆ ಗೊತ್ತು?"

"ಇಪ್ಪತ್ತೆರಡು ವರ್ಷ ಇದರ ಮುಂದೆ ಕೂತಿದ್ದೆ."

ಮೇಡಂ ಕಣ್ಣು ಅರಳಿದವು. ಜಾಲರಿಯ ಮಾತು ಅವರ ಕಿವಿಗೆ ಬೀಳಲೇ ಇಲ್ಲ ಅನ್ನಿಸಿತು. ದೊಡ್ಡಕ್ಕನ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನೀವು ಡಬ್ಬಿ ಕಾರ್ಖಾನೆಯವರಾ? ಇಷ್ಟು ದಿನ ಒಂದು ಮಾತೂ ಹೇಳಲಿಲ್ಲವಲ್ಲ!"

ಯಾರೂ ಕೇಳಿರಲಿಲ್ಲ.

*

ಸಂಗ್ರಹಾಲಯದ ಆ ಉದ್ದನೆಯ ಹಾಲು ಮೊದಲು ತಗಡಿನ ಡಬ್ಬಿ ಮಾಡುವ ಕಾರ್ಖಾನೆ. ಹನ್ನೊಂದು ಪ್ರೆಸ್ಸು ಒಂದರ ಹಿಂದೊಂದು. ಹನ್ನೊಂದು ಹೆಂಗಸರು. ತಗಡು ತೂರಿಸು, ಪೆಡಲು ಒತ್ತು, ಅಚ್ಚು ಧಡ್ ಅಂತ ಬೀಳುತ್ತೆ, ಮುಚ್ಚಳ ತಯಾರು. ಆ ಮುಚ್ಚಳ ತಾನಾಗಿ ಹೊರಗೆ ಬರುತ್ತಿರಲಿಲ್ಲ. ಕೆಳಗಿನ ಅಚ್ಚಿಗೆ ಕಚ್ಚಿಕೊಂಡಿರುತ್ತಿತ್ತು. ಬಲಗೈ ಎರಡು ಬೆರಳಿಂದ ಅದನ್ನು ಚಿಮ್ಮಿಸಬೇಕು. ಚಿಮ್ಮಿಸುವಾಗಲೇ ಎಡಗೈ ಮುಂದಿನ ತಗಡು ತೂರಿಸಬೇಕು. ಕಾಲು ಪೆಡಲಿಗೆ ಹೋಗಿರಬೇಕು. ದಿನಕ್ಕೆ ನಾಲ್ಕು ಸಾವಿರ ಮುಚ್ಚಳ. ನಾಲ್ಕು ಸಾವಿರ ಸಲ ಬೆರಳು ಒಳಗೆ, ಬೆರಳು ಹೊರಗೆ.

ಜಾಲರಿ ಇದ್ದರೆ ಅದು ಆಗುವ ಮಾತಲ್ಲ. ಪ್ರತಿ ಮುಚ್ಚಳಕ್ಕೂ ಜಾಲರಿ ಎತ್ತಬೇಕು, ಇಳಿಸಬೇಕು. ಸಾವಿರವೂ ಆಗುವುದಿಲ್ಲ. ಅದಕ್ಕೇ ಹನ್ನೊಂದು ಜಾಲರಿಗಳೂ ಮೇಸ್ತ್ರಿಯ ಬೀರುವಿನ ಮೇಲೆ ಕಾಗದ ಸುತ್ತಿಕೊಂಡು ಮಲಗಿರುತ್ತಿದ್ದವು. ವರ್ಷಕ್ಕೊಂದು ಸಲ ಕೆಳಗೆ ಇಳಿಯುತ್ತಿದ್ದವು. ಇನ್ಸ್‌ಪೆಕ್ಟರ್ ಬರುವ ದಿನ. ಗೇಟಿನ ಗಂಟೆ ಎರಡು ಸಲ ಹೊಡೆದರೆ ಮೇಸ್ತ್ರಿ ಓಡಾಡಿ ಜಾಲರಿಗಳನ್ನು ತಂತಿಯಲ್ಲಿ ಬಿಗಿಯುತ್ತಿದ್ದ. ಒಂದು ಗಂಟೆ ಎಲ್ಲರೂ ನಿಧಾನವಾಗಿ, ಮದುವೆ ಮನೆಗೆ ಬಂದವರ ಹಾಗೆ ಕೆಲಸ ಮಾಡುತ್ತಿದ್ದರು. ಹೆಂಗಸರಿಗೆ ಇನ್ಸ್‌ಪೆಕ್ಟರ್ ಅಂದರೆ ಪ್ರಾಣ. "ನಮ್ಮನೆ ಗಂಡಸು ದಿನಾ ಮನೆಗೆ ಬರದಿದ್ದರೂ ಪರವಾಗಿಲ್ಲ, ಇವನು ದಿನಾ ಬರಲಿ," ಅಂತ ಐದನೇ ಪ್ರೆಸ್ಸಿನವಳು ಹೇಳಿ ನಗಿಸುತ್ತಿದ್ದಳು. ಅವನು ಧಣಿಯ ಕೋಣೆಯಲ್ಲಿ ಚಹಾ ಕುಡಿದು, ಬಾಗಿಲಲ್ಲೇ ನಿಂತು ಕತ್ತು ಆಡಿಸಿ ಹೋಗುತ್ತಿದ್ದ. ಅವನ ಬೆನ್ನು ಗೇಟು ದಾಟಿದ ಕೂಡಲೇ ಜಾಲರಿ ಮತ್ತೆ ಬೀರುವಿನ ಮೇಲೆ.

ಕಾರ್ಖಾನೆ ಮುಚ್ಚಿತು. ಹಾಲು ಖಾಲಿ ಬಿತ್ತು. ಪಾರಿವಾಳಗಳು ಹದಿಮೂರು ವರ್ಷ ಸಂಸಾರ ಮಾಡಿದವು. ಆಮೇಲೆ ಧಣಿಯ ಮೊಮ್ಮಗ ಕಟ್ಟಡವನ್ನು ಊರಿಗೆ ದಾನ ಕೊಟ್ಟ. ನಗರ ಸಂಗ್ರಹಾಲಯ ಅಂತ ಬೋರ್ಡು ಬಿತ್ತು. ನೆಲಕ್ಕೆ ಕನ್ನಡಿಯಂಥ ಕಲ್ಲು ಬಂತು. ಆ ಕಲ್ಲಿಗೆ ಉದ್ದ ಕೋಲಿನ ಒರೆಸುಬಟ್ಟೆ ಹಾಕಿದರೆ ಗೆರೆ ಕಾಣುತ್ತದೆ. ಆದ್ದರಿಂದ ಮಂಡಿಯೂರಿ ಕೈಯಲ್ಲೇ ಒರೆಸಬೇಕು. ದೊಡ್ಡಕ್ಕ ಗುತ್ತಿಗೆಯವನ ಕಡೆಯಿಂದ ಬಂದು, ತಾನು ಕೂತಿದ್ದ ಜಾಗದ ಸುತ್ತ ದಿನಕ್ಕೆ ಎರಡು ಸಲ ಮಂಡಿಯೂರುತ್ತಿದ್ದಳು. ಎಡ ಮಂಡಿಯಲ್ಲಿ ನೀರು ತುಂಬಿತ್ತು. ಏಳುವಾಗ ಗೋಡೆ ಹಿಡಿಯಬೇಕು. ಗೋಡೆಯ ಮೇಲೆ ಚಿತ್ರಗಳಿದ್ದವು. ಚಿತ್ರ ಮುಟ್ಟಬಾರದು.

ಹದಿನೆಂಟು ದಿನದ ಹಿಂದೆ ಏಳನೇ ಪ್ರೆಸ್ಸು ಬಣ್ಣ ಬಳಿಸಿಕೊಂಡು, ಜಾಲರಿ ತೊಟ್ಟುಕೊಂಡು ಹಾಲಿನ ನಡುವೆ ಬಂದು ನಿಂತಿತ್ತು. ಪಕ್ಕದಲ್ಲಿ ಫಲಕ: 'ಮುಚ್ಚಳದ ಪ್ರೆಸ್. ಮೂಲ ಸುರಕ್ಷತಾ ಜಾಲರಿಯೊಂದಿಗೆ. ಕಾರ್ಮಿಕರ ಸುರಕ್ಷತೆಗೆ ಆ ಕಾಲದಲ್ಲೇ ನೀಡಿದ ಗಮನವನ್ನು ಇಲ್ಲಿ ಕಾಣಬಹುದು.'

ದೊಡ್ಡಕ್ಕ ಓದುವುದು ನಿಧಾನ. ಮೂರು ದಿನ ಒರೆಸುತ್ತಾ ಒರೆಸುತ್ತಾ ಓದಿ ಮುಗಿಸಿದ್ದಳು.

*

ಮೇಡಂ ಕೋಣೆಯಲ್ಲಿ ಕುರ್ಚಿ ಕೊಟ್ಟರು. ಮೇಜಿನ ಮೇಲೆ ಮೊಬೈಲ್ ಇಟ್ಟು, ಎಲ್ಲ ದಾಖಲಾಗುತ್ತೆ, ಸುಮ್ಮನೆ ಮಾತಾಡಿ ಅಂದರು. 'ಊರಿನವರ ನೆನಪುಗಳು' ಅಂತ ಒಂದು ಗೋಡೆ ಮಾಡುತ್ತಿದ್ದಾರಂತೆ. ಹಾಡು ಹೇಳುತ್ತಿದ್ದಿರಾ, ಊಟ ಹಂಚಿಕೊಳ್ಳುತ್ತಿದ್ದಿರಾ, ಗೆಳತಿಯರು ಯಾರು ಅಂತ ಕೇಳಿದರು.

"ಸದ್ದಿನಲ್ಲಿ ಹಾಡು ಎಲ್ಲಿ ಕೇಳುತ್ತೆ? ತುಟಿ ನೋಡಿ ಮಾತಾಡ್ತಿದ್ವಿ."

"ಎಷ್ಟು ಚೆನ್ನಾಗಿದೆ!" ಅಂತ ಮೇಡಂ ಬರೆದುಕೊಂಡರು. ಆಮೇಲೆ ಒಂದು ಪುಟ್ಟ ಪೆಟ್ಟಿಗೆ ತಂದು ತೆರೆದರು. ಮಖಮಲ್ಲಿನ ಮೇಲೆ ಒಂದು ದುಂಡನೆ ತಗಡಿನ ಬಿಲ್ಲೆ. ನಡುವೆ ತೂತು. "ಇದು ನಿಮ್ಮ ಹಾಜರಿ ಬಿಲ್ಲೆ, ಅಲ್ವಾ? ಒಂದೇ ಸಿಕ್ಕಿದೆ."

ದೊಡ್ಡಕ್ಕನಿಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗು, ಅರ್ಧಕ್ಕೇ ನಿಂತಿತು.

"ಒಂದೇ ಇದ್ದದ್ದು. ಅದು ಪಾಯಿಖಾನೆ ಬಿಲ್ಲೆ."

"ಅಂದ್ರೆ?"

"ಹನ್ನೊಂದು ಜನಕ್ಕೆ ಒಂದು ಬಿಲ್ಲೆ. ಅದು ಕೈಯಲ್ಲಿದ್ದರೆ ಮಾತ್ರ ಪಾಯಿಖಾನೆಗೆ ಬಿಡೋರು. ದಿನಕ್ಕೆ ಎರಡೇ ಸಲ. ಹೋಗೋವಾಗ ನಮ್ಮ ಜಾಗದಲ್ಲಿ ಇನ್ನೊಬ್ಬರನ್ನ ಕೂರಿಸಿ ಹೋಗಬೇಕು. ಪ್ರೆಸ್ಸು ನಿಲ್ಲಬಾರದು."

ಮೇಡಂ ಪೆನ್ನು ನಿಂತಿತು. ಮುಖ ಕೆಂಪಾಯಿತು. ಒಳ್ಳೆಯ ಹುಡುಗಿ. ಅವಳಿಗೆ ನಿಜವಾಗಿ ನಾಚಿಕೆಯಾಯಿತು ಅಂತ ದೊಡ್ಡಕ್ಕನಿಗೆ ಕಂಡಿತು. ಅದಕ್ಕೇ ಮುಂದಿನದನ್ನೂ ಹೇಳಿಬಿಟ್ಟಳು. ಮೂವತ್ತೊಂದು ವರ್ಷ ಹೇಳದಿದ್ದ ಮಾತು, ಬಿಕ್ಕಲಿಲ್ಲ, ಅಳಲಿಲ್ಲ, ಲೋಟದಿಂದ ನೀರು ಸುರಿದ ಹಾಗೆ ಬಂತು.

ಆ ದಿನ ಅವಳಿಗೆ ತಡೆಯಲಾಗಲಿಲ್ಲ. ಬಿಲ್ಲೆ ಸಿಕ್ಕಿತು. ಕೂರಿಸಲು ಯಾರೂ ಇರಲಿಲ್ಲ. ಡಬ್ಬಿ ಕಟ್ಟುವ ಮೇಜಿನಲ್ಲಿ ತಂಗಿ ಇದ್ದಳು. ಕೆಲಸಕ್ಕೆ ಸೇರಿ ಎರಡು ತಿಂಗಳು. ಹತ್ತೊಂಬತ್ತು ವರ್ಷ. ಹತ್ತು ನಿಮಿಷ ಕೂತಿರು, ನಿಧಾನ ಮಾಡು ಅಂತ ಹೇಳಿ ಹೋದಳು. ಮೇಸ್ತ್ರಿ ತಂಗಿಯ ಬೆನ್ನ ಹಿಂದೆ ನಿಂತು ಬೇಗ, ಬೇಗ ಅಂದ. ತಂಗಿಯ ಕಾಲು ಬೇಗ ಕೇಳಿತು, ಕೈ ಕೇಳಲಿಲ್ಲ. ದೊಡ್ಡಕ್ಕ ವಾಪಸ್ಸು ಬಂದಾಗ ಹನ್ನೊಂದು ಪ್ರೆಸ್ಸಿನಲ್ಲಿ ಹತ್ತು ಓಡುತ್ತಿದ್ದವು. ಬಲಗೈಯ ನಾಲ್ಕು ಬೆರಳು. ಹೆಬ್ಬೆರಳು ಉಳಿಯಿತು.

"ಜಾಲರಿ ಇದ್ದಿದ್ದರೆ ಹೋಗ್ತಿರಲಿಲ್ಲ," ಅಂದಳು. "ಬೀರು ಮೇಲಿತ್ತು. ಅದನ್ನ ಬರೀರಿ. ಈ ಜಾಲರಿ ಹಾಕ್ತಿರಲಿಲ್ಲ ಅಂತ ಅಷ್ಟು ಬರೀರಿ ಸಾಕು."

ಮೇಡಂ ಅದನ್ನೂ ಬರೆದುಕೊಂಡರು. ವಿಚಾರಿಸ್ತೀನಿ, ಕಾರ್ಖಾನೆಯ ಕಡತಗಳೆಲ್ಲ ನಮ್ಮ ಹತ್ತಿರವೇ ಇವೆ ಅಂದರು.

ಎರಡು ದಿನದ ಮೇಲೆ ಮತ್ತೆ ಕರೆದರು. ಈ ಸಲ ಬಾಗಿಲು ಮುಚ್ಚಿದರು. ಪಾರದರ್ಶಕ ಹಾಳೆಯೊಳಗೆ ಒಂದು ಹಳದಿ ಕಾಗದ.

"ನಾನೇ ಓದ್ತೀನಿ ಅಮ್ಮ. 'ಸದರಿ ಕಾರ್ಮಿಕಳು ಮೇಲ್ವಿಚಾರಕರ ಎಚ್ಚರಿಕೆಯನ್ನು ಮೀರಿ ತಾನಾಗಿಯೇ ಜಾಲರಿಯನ್ನು ತೆಗೆದು ಕೆಲಸ ಮಾಡುತ್ತಿದ್ದು, ಅಪಘಾತಕ್ಕೆ ಸ್ವತಃ ಹೊಣೆಯಾಗಿರುತ್ತಾಳೆ.' ಕೆಳಗೆ ಸಾಕ್ಷಿಯ ಸಹಿ."

ಮೇಡಂ ಕಾಗದ ತಿರುಗಿಸಿ ಅವಳ ಮುಂದಿಟ್ಟರು. ತೋರಿಸುವ ಅಗತ್ಯವೇನೂ ಇರಲಿಲ್ಲ. ಸಹಿ ಹೊಸದಾಗಿ ಕಲಿತವರ ಸಹಿ. ಒಂದೊಂದು ಅಕ್ಷರವೂ ಪಕ್ಕದ್ದನ್ನು ಮುಟ್ಟಲು ಹೆದರಿ ದೂರ ದೂರ ನಿಂತಿತ್ತು.

"ಇದು ನಿಮ್ಮದೇ ಅಲ್ವಾ?"

"ನನ್ನದೇ."

ಆಸ್ಪತ್ರೆಯ ಮೆಟ್ಟಿಲ ಮೇಲೆ ಹಾಕಿಸಿಕೊಂಡಿದ್ದರು. ಒಳಗೆ ತಂಗಿಗೆ ಹೊಲಿಗೆ ಹಾಕುತ್ತಿದ್ದರು. ಮೇಸ್ತ್ರಿ ಬೆನ್ನು ಸವರಿ ಹೇಳಿದ್ದ: ಅವಳ ಕೆಲಸ ಅಂತೂ ಹೋಯ್ತು, ನಿನ್ನದಾದರೂ ಉಳಿಸ್ಕೋ ತಾಯಿ, ಇಬ್ಬರೂ ಬೀದಿಗೆ ಬೀಳೋದು ಬೇಡ. ಕಾಗದ ಇಡಲು ಜಾಗವಿರಲಿಲ್ಲ. ಅವಳು ತನ್ನ ತೊಡೆಯ ಮೇಲೇ ಇಟ್ಟುಕೊಂಡು ಸಹಿ ಮಾಡಿದ್ದಳು. ಆ ಸಹಿಯ ಮೇಲೆ ಇನ್ನೂ ಹದಿನೈದು ವರ್ಷ ಅದೇ ಪ್ರೆಸ್ಸಿನ ಮುಂದೆ ಕೂತಳು. ತಂಗಿಗೆ ಬಿಡಿಗಾಸೂ ಸಿಗಲಿಲ್ಲ.

"ನನಗೆ ನಿಮ್ಮ ಮಾತಿನ ಮೇಲೆ ನಂಬಿಕೆ ಇದೆ," ಅಂದರು ಮೇಡಂ. "ಆದರೆ ಸಂಗ್ರಹಾಲಯ ದಾಖಲೆ ಮೇಲೆ ನಡೀಬೇಕು. ನಿಮ್ಮ ಸಹಿ ಒಂದು ಹೇಳುತ್ತೆ, ನಿಮ್ಮ ನೆನಪು ಇನ್ನೊಂದು ಹೇಳುತ್ತೆ. ನಾನೇನು ಬರೀಲಿ ಹೇಳಿ?"

ದೊಡ್ಡಕ್ಕ ಕಾಗದವನ್ನು ಮೇಡಂ ಕಡೆಗೆ ತಿರುಗಿಸಿಟ್ಟಳು.

ಆಗ ಮೇಡಂ ಆ ಮಾತು ಎತ್ತಿದರು. ಮುಂದಿನ ತಿಂಗಳಿಂದ ನೆಲ ಒರೆಸುವ ಯಂತ್ರ ಬರುತ್ತೆ. ಆರು ಜನರಲ್ಲಿ ಇಬ್ಬರು ಸಾಕು. ಮಂಡಿ ಸರಿಯಿಲ್ಲದವರನ್ನು ಗುತ್ತಿಗೆಯವನು ಇಟ್ಟುಕೊಳ್ಳುವುದಿಲ್ಲ. ಆದರೆ ಇನ್ನೊಂದು ಕೆಲಸ ಇದೆ. ಏಳನೇ ಪ್ರೆಸ್ಸಿನ ಮುಂದೆ ಕೂತು, ನೋಡಲು ಬಂದವರಿಗೆ ಮುಚ್ಚಳ ಒತ್ತಿ ತೋರಿಸುವ ಕೆಲಸ. ಸಂಗ್ರಹಾಲಯದ್ದೇ ನೌಕರಿ, ಗುತ್ತಿಗೆ ಅಲ್ಲ. ಕೂತೇ ಮಾಡುವುದು. ಮಂಡಿಯೂರುವ ಹಾಗೇ ಇಲ್ಲ.

"ಜಾಲರಿ?"

"ಜಾಲರಿ ಇರುತ್ತೆ ಅಮ್ಮ. ಮಕ್ಕಳೆಲ್ಲ ಬರ್ತಾರೆ. ಅದಿಲ್ಲದೆ ತೋರಿಸೋ ಹಾಗಿಲ್ಲ."

ಮಕ್ಕಳು ಬರುತ್ತಾರೆ ಅನ್ನುವುದು ನಿಜ. ಯೋಚನೆ ಮಾಡ್ತೀನಿ ಅಂತ ಎದ್ದಳು.

*

ತಂಗಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಅಕ್ಕಪಕ್ಕದ ನಾಲ್ಕು ಬೀದಿಯ ಅಂಗಿಗಳು ಅವಳ ಹತ್ತಿರ ಬರುತ್ತವೆ. ಎಡಗೈಯಲ್ಲಿ ಇಸ್ತ್ರಿಪೆಟ್ಟಿಗೆ. ಬಲಗೈಯ ಮೋಟು ಬಟ್ಟೆಯ ಅಂಚನ್ನು ಒತ್ತಿ ಹಿಡಿಯುತ್ತದೆ, ಹೆಬ್ಬೆರಳು ಮಡಿಕೆ ತೀಡುತ್ತದೆ. ಮೋಟಿನ ಚರ್ಮ ಸುಟ್ಟು ಸುಟ್ಟು ಒರಟಾಗಿದೆ. ಬಿಸಿ ತಾಗಿದರೂ ಈಗ ಅವಳಿಗೆ ತಿಳಿಯುವುದಿಲ್ಲ. ಸುಟ್ಟ ವಾಸನೆ ಬಂದಾಗ ತಿಳಿಯುತ್ತದೆ.

ಒಂದೇ ಕೋಣೆ. ಮಂಚ ಒಂದು, ಇಸ್ತ್ರಿ ಮೇಜು ಒಂದು. ಇಬ್ಬರಿಗೂ ಮದುವೆ ಆಗಿರಲಿಲ್ಲ. ದೊಡ್ಡಕ್ಕ ಬೇಡ ಅಂದಿದ್ದಳು. ತಂಗಿಯನ್ನು ಯಾರೂ ಕೇಳಲು ಬಂದಿರಲಿಲ್ಲ.

ದೊಡ್ಡಕ್ಕ ಬಾಗಿಲಲ್ಲೇ ಕೂತು ಮಂಡಿ ನೀವಿಕೊಳ್ಳುತ್ತಾ ಎಲ್ಲ ಹೇಳಿದಳು. ಪ್ರೆಸ್ಸು, ಫಲಕ, ಹೊಸ ಕೆಲಸ. ಕೊನೆಗೆ ಕಾಗದದ ಮಾತು ಬಂತು.

"ಆ ಕಾಗದದಲ್ಲಿ..."

"ನಿನ್ನ ಸಹಿ ಇತ್ತು," ಅಂದಳು ತಂಗಿ. ಇಸ್ತ್ರಿ ನಿಲ್ಲಿಸಲಿಲ್ಲ.

ದೊಡ್ಡಕ್ಕ ತಲೆ ಎತ್ತಿದಳು.

"ಆಸ್ಪತ್ರೇಲೇ ಗೊತ್ತಾಯ್ತು ಕಣೇ. ಐದನೇ ಪ್ರೆಸ್ಸಿನವಳು ಬಂದು ಕಿವೀಲಿ ಊದಿದಳು. ಅವಳ ಬಾಯಲ್ಲಿ ಏನಾದ್ರೂ ನಿಲ್ಲುತ್ತಾ?"

"ಮೂವತ್ತೊಂದು ವರ್ಷ... ಒಂದು ಮಾತೂ ಕೇಳಲಿಲ್ಲವಲ್ಲೇ."

"ಏನಂತ ಕೇಳೋದು? ನಿನ್ನ ಕೆಲಸದಲ್ಲಿ ಉಣ್ತಾ ಕೂತು, ಯಾಕೆ ಕೆಲಸ ಉಳಿಸ್ಕೊಂಡೆ ಅಂತ ಕೇಳೋದಾ?" ತಂಗಿ ಅಂಗಿಯ ಕಾಲರು ತಿರುವಿದಳು. "ಮೊದಲ ಎರಡು ವರ್ಷ ಸಿಟ್ಟಿತ್ತು. ನೀನು ನಿದ್ದೆ ಮಾಡೋವಾಗ ಗಂಟಲು ಹಿಸುಕಿಬಿಡೋಣ ಅನ್ನಿಸೋದು. ಒಂದೇ ಕೈಯಲ್ಲಿ ಹಿಸುಕೋಕೆ ಆಗಲ್ಲ ಅಂತ ಬಿಟ್ಟೆ."

ದೊಡ್ಡಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಂಗಿ ತಾನೇ ನಕ್ಕಳು. ನಕ್ಕು ಮುಗಿಸಿ, ಮಡಿಸಿದ ಅಂಗಿಯನ್ನು ಅಟ್ಟಿಯ ಮೇಲಿಟ್ಟಳು.

"ಆ ಕೆಲಸಕ್ಕೆ ಸೇರ್ಕೋ ಅಕ್ಕ."

"ಜಾಲರಿ ಹಾಕ್ಕೊಂಡಾ?"

"ಜಾಲರಿ ಹಾಕಲಿ, ಹೂವಿನ ಹಾರ ಹಾಕಲಿ. ನನ್ನ ಬೆರಳೇನು ಚಿಗುರುತ್ತವಾ? ನಿನ್ನ ಮಂಡಿಯಾದ್ರೂ ಉಳೀಲಿ. ನೀನು ಮಲಗಿಬಿಟ್ರೆ ನಿನ್ನ ಎತ್ತೋಕೂ ನನಗೆ ಒಂದೇ ಕೈ."

"ನಿನಗೆ ಏನೂ ಅನ್ಸಲ್ವಾ?"

"ಅನ್ಸಿ ಅನ್ಸಿ ಸಾಕಾಗಿದೆ." ತಂಗಿ ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದಳು. ಮೊದಲ ಸಲ ಅಕ್ಕನ ಮುಖ ನೇರ ನೋಡಿದಳು. "ಒಂದು ಮಾತು ಕೇಳು. ಬೇಡ ಅನ್ನೋದಾದ್ರೆ ನನ್ನ ಹೆಸರು ಹೇಳಿ ಬೇಡ ಅನ್ನಬೇಡ. ಪಾಪ, ತಂಗಿ ಕೈ ಹೋಯ್ತಲ್ಲ ಅಂತ ಅಲ್ಲಿ ನನ್ನ ಮೋಟು ತೋರಿಸಬೇಡ. ಈ ಮೋಟು ನನ್ನದು. ನಿನಗೆ ಬೇಡ ಅನ್ಸಿದ್ರೆ ನಿನಗೇ ಬೇಡ ಅನ್ನು. ಸುಸ್ತಾಗಿದೆ ಕಣೇ ನನಗೆ, ಬೇರೆಯವರ ಸಿಟ್ಟಿಗೆ ಕಾರಣ ಆಗಿ ಆಗಿ."

ಇನ್ನೂ ಹನ್ನೆರಡು ಅಂಗಿ ಬಾಕಿ ಇದ್ದವು. ದೊಡ್ಡಕ್ಕ ಎದ್ದು ಅಂಚು ಹಿಡಿದಳು.

*

ಮಾರನೇ ದಿನ ಮೇಡಂಗೆ ಹ್ಞೂಂ ಅಂದಳು.

ಪ್ರಯೋಗಕ್ಕೆ ಅಂತ ಒಂದು ಬೆಳಿಗ್ಗೆ ಇಟ್ಟರು. ಧಣಿಯ ಮೊಮ್ಮಗ ಬಂದಿದ್ದ. ಬಿಳಿ ಅಂಗಿ, ಮೆಲು ಮಾತು. ಇನ್ನೊಂದು ಎಂಟು ಹತ್ತು ಜನ, ಒಬ್ಬ ಫೋಟೋ ತೆಗೆಯುವವನು. ದೊಡ್ಡಕ್ಕನಿಗೆ ನೀಲಿ ಏಪ್ರನ್ ತೊಡಿಸಿದರು. ಗಂಜಿ ಹಾಕಿದ ಬಟ್ಟೆ, ಕತ್ತಿನ ಹತ್ತಿರ ಚುಚ್ಚುತ್ತಿತ್ತು. ಕಾರ್ಖಾನೆಯಲ್ಲಿ ಅವರು ತೊಡೆಗೆ ಗೋಣಿಚೀಲ ಕಟ್ಟಿಕೊಳ್ಳುತ್ತಿದ್ದರು. ಸ್ಟೂಲಿಗೆ ಮೆತ್ತೆ ಇತ್ತು.

ಬಿಲ್ಲೆಯ ಪೆಟ್ಟಿಗೆಯೂ ಗೋಡೆಯ ಮೇಲೆ ಬಂದಿತ್ತು. ಅದರ ಫಲಕದಲ್ಲಿ ಹಾಜರಿ ಬಿಲ್ಲೆ ಅಂತ ಇರಲಿಲ್ಲ. 'ವಿಶ್ರಾಂತಿ ಬಿಲ್ಲೆ.'

"ಪಾಯಿಖಾನೆ ಅಂತ ಹಾಕೋಕೆ ಸಮಿತಿಯವರು ಒಪ್ಪಲಿಲ್ಲ," ಅಂತ ಮೇಡಂ ಕಿವಿಯಲ್ಲಿ ಹೇಳಿದರು. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ಆ ಎರಡು ಪದಕ್ಕೂ ಜಗಳ ಆಡಿರಬೇಕು.

"ಶುರು ಮಾಡೋಣವಾ ಅಮ್ಮ?" ಅಂದ ಮೊಮ್ಮಗ. ಆಮೇಲೆ ಬಂದವರ ಕಡೆ ತಿರುಗಿದ. "ನಮ್ಮ ತಾತ ಇವರನ್ನೆಲ್ಲ ಮನೆಯವರ ಥರ ನೋಡ್ಕೊಂಡಿದ್ರು. ಈ ಜಾಲರಿ ನೋಡಿ. ಆ ಕಾಲದಲ್ಲಿ ಯಾರು ಹಾಕಿಸ್ತಿದ್ರು?"

ದೊಡ್ಡಕ್ಕ ಕೂತಳು. ಮಂಡಿಗೆ ಹಾಯೆನಿಸಿತು. ಸುಳ್ಳು ಹೇಳಬಾರದು, ಬಹಳ ಹಾಯೆನಿಸಿತು. ಇಲ್ಲಿ ಹೀಗೇ ಕೂತು ದಿನ ಕಳೆದರೆ ಸಾಕು ಅಂದುಕೊಂಡಳು. ಇದು ಇನ್ಸ್‌ಪೆಕ್ಟರ್ ಬಂದ ದಿನ ಅಂದುಕೊಂಡರಾಯಿತು. ಇಲ್ಲಿ ದಿನಾ ಇನ್ಸ್‌ಪೆಕ್ಟರ್ ದಿನ. ಅಷ್ಟೇ ತಾನೇ.

ಎಡಗೈ ತಗಡು ತೆಗೆದುಕೊಂಡಿತು. ತೋರಿಸಲಿಕ್ಕೆಂದು ತಂದ ಮೆತ್ತನೆ ತಗಡು, ಕಾಗದದ ಹಾಗಿತ್ತು. ಜಾಲರಿಯ ಕೆಳಗಿನ ಸಂದಿಯಲ್ಲಿ ತೂರಿಸಿದಳು. ಪೆಡಲು ಒತ್ತಿದಳು. ಅಚ್ಚು ಬಿತ್ತು. ಧಡ್.

ಬಲಗೈ ಹೋಯಿತು.

ಅವಳು ಕಳಿಸಲಿಲ್ಲ. ತಾನಾಗಿ ಹೋಯಿತು. ಹಾವಿನ ಹೆಡೆಯ ಹಾಗೆ ಮುಂದಕ್ಕೆ ಚಿಮ್ಮಿತು, ಎರಡು ಬೆರಳು ಮುಚ್ಚಳ ಎತ್ತಲು ಸಿದ್ಧವಾಗಿ. ಗೆಣ್ಣು ಜಾಲರಿಗೆ ಟಣ್ ಅಂತ ಬಡಿಯಿತು.

ಯಾರೋ ಮೆಲ್ಲಗೆ ನಕ್ಕರು.

"ಪರವಾಗಿಲ್ಲ, ಇನ್ನೊಂದು ಸಲ," ಅಂದರು ಮೇಡಂ.

ಇನ್ನೊಂದು ಸಲ. ತಗಡು, ಪೆಡಲು, ಧಡ್. ಈ ಸಲ ಬಲಗೈಯನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದಿಟ್ಟುಕೊಂಡಿದ್ದಳು. ಅದು ಬಿಡಿಸಿಕೊಂಡು ಹೋಯಿತು. ಟಣ್. ಗೆಣ್ಣಿನ ಸಿಪ್ಪೆ ಸುಲಿಯಿತು. ಮೂರನೇ ಸಲ ನೆತ್ತರು ಬಂತು. ಹಸಿರು ಬಣ್ಣದ ಮೇಲೆ ಒಂದು ಕೆಂಪು ಚುಕ್ಕೆ. ಆ ಜಾಲರಿ ಕಂಡ ಮೊದಲ ಕಲೆ ಅದು.

"ಪಾಪ," ಅಂದಿತು ಒಂದು ಹೆಣ್ಣು ದನಿ.

"ವಯಸ್ಸಾಯ್ತಲ್ಲ," ಅಂದ ಮೊಮ್ಮಗ. "ಅಭ್ಯಾಸ ತಪ್ಪಿದೆ. ನಾಲ್ಕು ದಿನ ಮಾಡಿದ್ರೆ ಮತ್ತೆ ಬರುತ್ತೆ."

"ಅಭ್ಯಾಸ ತಪ್ಪಿಲ್ಲ," ಅಂದಳು ದೊಡ್ಡಕ್ಕ.

ಸುಲಿದ ಗೆಣ್ಣನ್ನು ಜಾಲರಿಯ ಮುಂದೆ ಎತ್ತಿ ಹಿಡಿದಳು.

"ಅಭ್ಯಾಸ ಇರೋದಕ್ಕೇ ಬಡೀತಿದೆ. ಜಾಲರಿ ಇಟ್ಕೊಂಡು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ರೆ ಈ ಕೈ ಅಲ್ಲಿಗೆ ಯಾಕೆ ಹೋಗುತ್ತೆ? ಹೇಳಿ. ಮನೆಯಲ್ಲಿ ಗೋಡೆ ಇರೋ ಕಡೆ ಯಾರಾದ್ರೂ ದಿನಾ ಹೋಗಿ ಹಣೆ ಬಡ್ಕೋತಾರಾ? ಬಾಗಿಲಿದ್ದ ಕಡೆ ಗೋಡೆ ಎಬ್ಬಿಸಿದ್ರೆ ಬಡ್ಕೋತಾರೆ."

ಮೊಮ್ಮಗ ಮೇಡಂ ಕಡೆ ನೋಡಿದ. ಮೇಡಂ ಜಾಲರಿಯ ಮೇಲಿನ ಚುಕ್ಕೆ ನೋಡುತ್ತಿದ್ದರು. ಅವರಿಗೆ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು. ಆದರೂ ಕೈಯಲ್ಲಿದ್ದ ಹಾಳೆಯನ್ನು ಕೆಳಗಿಡಲಿಲ್ಲ.

ಬಂದವರನ್ನು ಕಾವಲುಗಾರ ಇನ್ನೊಂದು ಕೋಣೆಗೆ ಕರೆದುಕೊಂಡು ಹೋದ. ಹೋಗುವಾಗ ದೊಡ್ಡಕ್ಕನ ಕಡೆ ತಿರುಗಿ, ಸುಮ್ನಿರು ತಾಯಿ ಅನ್ನುವ ಹಾಗೆ ಹುಬ್ಬು ಹಾರಿಸಿದ. ಮೊಮ್ಮಗ ನಿಂತೇ ಇದ್ದ. ಫೋನು ನೋಡುತ್ತಿದ್ದ.

ಮೇಡಂ ಸ್ಟೂಲಿನ ಪಕ್ಕ ನೆಲದ ಮೇಲೇ ಕೂತರು. ಕರವಸ್ತ್ರ ತೆಗೆದು ಅವಳ ಗೆಣ್ಣಿಗೆ ಸುತ್ತಿದರು.

"ಅಮ್ಮ, ನನ್ನ ಕೈಲಾದಷ್ಟು ಮಾಡ್ತೀನಿ. ಫಲಕದಲ್ಲಿ ಒಂದು ಸಾಲು ಸೇರಿಸ್ತೀನಿ. 'ಕೆಲವು ಸಂದರ್ಭಗಳಲ್ಲಿ ಜಾಲರಿ ಇಲ್ಲದೆಯೂ ಕೆಲಸ ನಡೆಯುತ್ತಿತ್ತೆಂದು ಕೆಲವರು ನೆನಪಿಸಿಕೊಳ್ಳುತ್ತಾರೆ.' ಇಷ್ಟಕ್ಕೆ ಇವರನ್ನ ಒಪ್ಪಿಸಬಲ್ಲೆ. ಇದಕ್ಕಿಂತ ಜಾಸ್ತಿ ನನ್ನ ಕೈಲಾಗಲ್ಲ."

"ಕೆಲವು ಸಂದರ್ಭ," ಅಂದಳು ದೊಡ್ಡಕ್ಕ. ಲೆಕ್ಕ ಹಾಕುವವಳ ಹಾಗೆ. "ಕೆಲವರು."

"ಕೆಲಸ ಇವತ್ತಿಂದಲೇ. ನಿಧಾನ ಮಾಡಿ, ಕೈ ತಾನಾಗಿ ಕಲಿಯುತ್ತೆ. ಇಲ್ಲಿ ಒಂದು ಸಹಿ ಬೇಕು ಅಷ್ಟೇ."

ಹಾಳೆ ಮುಂದೆ ಬಂತು. ಅಚ್ಚಾದ ಅಕ್ಷರ. ದೊಡ್ಡಕ್ಕ ಬೆರಳಿಟ್ಟು ಓದಿದಳು. ಯಾರೂ ಅವಸರ ಮಾಡಲಿಲ್ಲ, ಮೊಮ್ಮಗ ಒಂದು ಸಲ ಗಡಿಯಾರ ನೋಡಿದ್ದು ಬಿಟ್ಟರೆ. 'ನಾನು ಇಲ್ಲಿ ಪ್ರದರ್ಶಿಸುತ್ತಿರುವ ಕೆಲಸದ ವಿಧಾನವು ಅಂದು ಕಾರ್ಖಾನೆಯಲ್ಲಿ ನಡೆಯುತ್ತಿದ್ದ ವಿಧಾನವೇ ಆಗಿರುತ್ತದೆ ಎಂದು ಈ ಮೂಲಕ ದೃಢೀಕರಿಸುತ್ತೇನೆ.'

ಕಾಗದ ಇಡಲು ಜಾಗವಿರಲಿಲ್ಲ. ಮೇಡಂ ಅದನ್ನು ಅವಳ ತೊಡೆಯ ಮೇಲೆ ಇಟ್ಟು, ಪೆನ್ನು ಬಿಚ್ಚಿ ಕೊಟ್ಟರು. ಆಸ್ಪತ್ರೆಯ ಮೆಟ್ಟಿಲ ಮಾತು ಅವರಿಗೆ ಗೊತ್ತಿರಲಿಲ್ಲ, ಪಾಪ.

ದೊಡ್ಡಕ್ಕ ಪೆನ್ನು ಮುಟ್ಟಲಿಲ್ಲ. ಹಾಳೆಯನ್ನು ಎತ್ತಿ ಮೇಡಂ ಕೈಗೆ ಕೊಟ್ಟಳು. ಪ್ರೆಸ್ಸಿನ ಮೈ ಹಿಡಿದು ಎದ್ದಳು. ಎಡ ಮಂಡಿ ಕಟಕ್ ಅಂತು. ಏಪ್ರನ್ನಿನ ಗಂಟು ಬಿಚ್ಚಲು ಬೆರಳು ಓಡಲಿಲ್ಲ. ತಲೆಯ ಮೇಲಿಂದ ಹಾಗೇ ಕಿತ್ತು ತೆಗೆದು ಮೆತ್ತೆಯ ಮೇಲೆ ಹಾಕಿದಳು.

"ಯಾಕಮ್ಮ? ತಂಗಿಯವರು ಬೇಡ ಅಂದ್ರಾ?" ಮೇಡಂ ಎದ್ದು ನಿಂತರು. "ನಾನು ಬೇಕಾದ್ರೆ ಮನೆಗೆ ಬಂದು ಅವರ ಹತ್ತಿರ ಮಾತಾಡ್ತೀನಿ."

"ಅವಳು ಸೇರ್ಕೋ ಅಂದಿದಾಳೆ."

"ಮತ್ತೆ? ಮುಂದಿನ ತಿಂಗಳು ಒರೆಸೋ ಕೆಲಸವೂ ಇರಲ್ಲ ಅಮ್ಮ. ಗೊತ್ತಿದೆ ಅಲ್ವಾ ನಿಮಗೆ?"

"ಗೊತ್ತಿದೆ."

"ಹಾಗಿದ್ರೆ ಕೂತ್ಕೊಳ್ಳಿ. ಸಹಿ ಆಮೇಲೆ ಮಾಡಿದ್ರೂ ಆಯ್ತು. ಮೊದಲು ಕೂತ್ಕೊಳ್ಳಿ."

"ನಾನು ಕೂರಲ್ಲ," ಅಂದಳು ದೊಡ್ಡಕ್ಕ.